ಹಕ್ಕಿ ತೋರಿಸುವ ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ವಿರಾಜಪೇಟೆ ಕಡೆಯವನು. ನಾಲ್ಕು ಎಕರೆ ಕಾಫಿ ತೋಟ ಇದೆ. ಜೊತೆಗೆ ಹದಿನೈದು ವರ್ಷದಿಂದ ಹೊರಗಿನಿಂದ ಬಂದವರಿಗೆ ಹಕ್ಕಿ ತೋರಿಸುತ್ತಿದ್ದೇನೆ. ಊರಲ್ಲಿ ನನ್ನನ್ನು 'ಹಕ್ಕಿ ಗೈಡ್' ಎನ್ನುತ್ತಾರೆ. ಮೊದಮೊದಲು ನಗುತ್ತಾ ಹೇಳುತ್ತಿದ್ದರು. ಈಗ ನಗದೆ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಈ ಕೆಲಸಕ್ಕೆ ಕಣ್ಣು ಚುರುಕಾಗಿರಬೇಕು ಅಂತ ಎಲ್ಲರೂ ತಿಳಿದಿದ್ದಾರೆ. ನಮ್ಮ ಮಾಕುಟ್ಟದ ಕಾಡಿನಲ್ಲಿ ಕಣ್ಣಿಗೆ ಏನು ಕಾಣುತ್ತದೆ ಹೇಳಿ? ಎಲೆ, ಅದರ ಹಿಂದೆ ಎಲೆ, ಮೇಲೆ ಮಂಜು. ಹಕ್ಕಿ ಮೊದಲು ಸಿಗುವುದು ಕಿವಿಗೆ. ತಲೆಯ ಮೇಲೆ ಹಳೇ ಉಗಿಬಂಡಿ ಹೋದ ಹಾಗೆ ಸದ್ದು ಬಂದರೆ ಅದು ದೊಡ್ಡ ಮಂಗಟ್ಟೆಯ ರೆಕ್ಕೆ. ಕೊಡಗಿಗೆ ಇನ್ನೂ ರೈಲು ಬಂದಿಲ್ಲ, ಸದ್ಯಕ್ಕೆ ನಮಗೆ ಇದೇ ರೈಲು. ಬೆಳಕು ಹರಿಯುವ ಮೊದಲು ತೋಡಿನ ಪಕ್ಕ ಯಾರೋ ಹುಡುಗ ರಾಗ ಮರೆತು ಸಿಳ್ಳೆ ಹಾಕಿದ ಹಾಗೆ ಕೇಳಿದರೆ ಅದು ಸಿಳ್ಳಾರ.

ನನಗೆ ಇದನ್ನೆಲ್ಲ ಕಲಿಸಿದವರು ಪಕ್ಕದ ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದ, ಯರವ ಬುಡಕಟ್ಟಿನ ಒಬ್ಬ ತಾತ. ಪುಸ್ತಕದ ಹೆಸರುಗಳು ಅವರಿಗೆ ಗೊತ್ತಿರಲಿಲ್ಲ. ಆದರೆ ಕೂಗು ಕೇಳಿದರೆ ಯಾವ ಮರ, ಯಾವ ಕೊಂಬೆ ಅಂತ ಬೆರಳು ಮಾಡುತ್ತಿದ್ದರು. ನಾನು ಹೊಸದಾಗಿ ಗೈಡ್ ಆದಾಗ ಆರು ಜನರ ಮುಂದೆ "ಅಗೋ, ಡೇಗೆ ಕೂಗ್ತಾ ಇದೆ" ಅಂದುಬಿಟ್ಟೆ. ಹಿಂದಿನಿಂದ ತಾತ ಕಿಸಕ್ಕನೆ ನಕ್ಕರು. ಕೂಗಿದ್ದು ಭೀಮರಾಜ. ಅದು ಬೇರೆ ಹಕ್ಕಿಗಳ ದನಿಯನ್ನು ಕದ್ದು ಕೂಗುವ ಕಳ್ಳ. ಈಗ ಫೋನಿನ ಆ್ಯಪ್‌ಗಳೇ ಕೂಗು ಕೇಳಿ ಹೆಸರು ಹೇಳುತ್ತವೆ, ಗೈಡ್ ಯಾಕೆ ಬೇಕು ಅಂತ ಕೆಲವರು ಕೇಳುತ್ತಾರೆ. ಭೀಮರಾಜ ಆ್ಯಪನ್ನೂ ಏಮಾರಿಸಿದ್ದು ನಾನೇ ನೋಡಿದ್ದೇನೆ!

ಕಿವಿಯ ಮಾತು ಬಂದಾಗ ಅಮೆರಿಕದ ಪಕ್ಷಿತಜ್ಞ ಟೆಡ್ ಪಾರ್ಕರ್ ನೆನಪಾಗುತ್ತಾರೆ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಓಡಾಡಿದ ಅವರು ಸುಮಾರು 4,000 ಜಾತಿಯ ಹಕ್ಕಿಗಳನ್ನು ದನಿಯಿಂದಲೇ ಗುರುತಿಸುತ್ತಿದ್ದರಂತೆ. ನನಗೆ ಇನ್ನೂರು ದಾಟುವಷ್ಟರಲ್ಲಿ ತಲೆ ನರೆಯಿತು. ಪಾರ್ಕರ್ 1993ರಲ್ಲಿ ಎಕ್ವಡಾರ್‌ನಲ್ಲಿ ವಿಮಾನ ಅಪಘಾತವಾಗಿ ತೀರಿಕೊಂಡರು. ಆಗ ಅವರಿಗೆ ಬರೀ 40 ವರ್ಷ.

ಅದೇ ಎಕ್ವಡಾರ್‌ನಲ್ಲಿ ನಮ್ಮಂಥ ಒಬ್ಬ ರೈತರಿದ್ದಾರೆ, ಆಂಖೆಲ್ ಪಾಸ್. ಅವರ ಜಮೀನಿನ ಕಾಡಿನಲ್ಲಿ ದೊಡ್ಡ ಆಂಟ್‌ಪಿಟ್ಟ ಎಂಬ ಬಲು ನಾಚಿಕೆಯ ಹಕ್ಕಿ ಇತ್ತು. ಪಾಸ್ ದಿನಾ ಎರೆಹುಳು ಹಿಡಿದುಕೊಂಡು ಹೋಗಿ, "ಮರಿಯಾ, ಮರಿಯಾ" ಅಂತ ಕರೆದು ಕರೆದು ಅದನ್ನು ಪಳಗಿಸಿದರು. ಹಕ್ಕಿ ಪೊದೆಯಿಂದ ಹೊರಗೆ ಬಂತು. ಅದನ್ನು ನೋಡಲು ಲೋಕದ ಮೂಲೆಮೂಲೆಯಿಂದ ಜನ ಬಂದರು, ಕಾಡೂ ಉಳಿಯಿತು. ಇದನ್ನು ಕೇಳಿ ನಾನೂ ನಮ್ಮ ತೋಟದ ನವರಂಗ ಹಕ್ಕಿಗೆ ಎರೆಹುಳು ಹಾಕಿ ನೋಡಿದೆ. ಪಕ್ಕದ ಮನೆಯ ಕೋಳಿಗಳು ಬಂದವು.

ನವರಂಗ ಚಳಿಗಾಲಕ್ಕೆ ಉತ್ತರದಿಂದ ನಮ್ಮಲ್ಲಿಗೆ ಬರುತ್ತದೆ. ಹಕ್ಕಿ ನೋಡುವವರು ಬರುವುದೂ ಆಗಲೇ, ನವೆಂಬರ್‌ನಿಂದ ಮಾರ್ಚ್‌ವರೆಗೆ. ತೊಂದರೆ ಏನೆಂದರೆ ಕಾಫಿ ಕುಯ್ಯುವುದೂ ಅದೇ ಸಮಯ. "ಹಣ್ಣು ಉದುರ್ತಾ ಇದೆ, ನೀನು ಹಕ್ಕಿ ಹಿಂದೆ ಹೋಗ್ತೀಯಲ್ಲ ಮಗಾ" ಅಂತ ಅಪ್ಪ ಪ್ರತಿ ಜನವರಿ ಹೇಳುತ್ತಿದ್ದರು. ಈಗ ಹೆಂಡತಿ ಹೇಳುತ್ತಾಳೆ. ಜೂನ್‌ನಲ್ಲಿ ಮಳೆ ಹಿಡಿದರೆ ನನ್ನನ್ನು ಹುಡುಕಿಕೊಂಡು ಬರುವುದು ಜಿಗಣೆ ಮಾತ್ರ. ಬರೀ ಈ ಕೆಲಸ ನಂಬಿಕೊಂಡರೆ ಹೊಟ್ಟೆ ತುಂಬುವುದಿಲ್ಲ ಅಂತ ಹೊಸ ಹುಡುಗರಿಗೆ ಮೊದಲೇ ಹೇಳಿಬಿಡುತ್ತೇನೆ.

ಒಂದು ತಪ್ಪು ಮಾತ್ರ ಇನ್ನೂ ಚುಚ್ಚುತ್ತದೆ. ಕಪ್ಪೆಬಾಯಿ ಅಂತ ಒಂದು ಹಕ್ಕಿ ಇದೆ. ಹಗಲು ಒಣಗಿದ ಎಲೆಯ ಹಾಗೆ ಅಲುಗದೆ ಕೂತಿರುತ್ತದೆ. ಅಂಗೈಗಿಂತ ಚಿಕ್ಕ ಗೂಡು, ಅದರಲ್ಲಿ ಒಂದೇ ಮೊಟ್ಟೆ. ಹಗಲು ಕಾವು ಕೊಡುವುದು ಗಂಡು. ಅಂಥ ಒಂದು ಗೂಡನ್ನು ಒಬ್ಬ ಫೋಟೋಗ್ರಾಫರ್‌ಗೆ ತೋರಿಸಿದೆ. ಒಳ್ಳೆ ದುಡ್ಡು ಕೊಟ್ಟಿದ್ದರು. ಫೋಟೋಗೆ ಅಡ್ಡ ಬರುತ್ತದೆ ಅಂತ ಅವರು ಒಂದು ಸಣ್ಣ ಕೊಂಬೆ ಮುರಿದರು. ನಾನು ಬಾಯಿ ಬಿಡಲಿಲ್ಲ. ಮೂರನೇ ದಿನ ಹೋದರೆ ಗೂಡು ಖಾಲಿ. ಮರೆ ಇಲ್ಲದೆ ಕಾಗೆಯ ಕಣ್ಣಿಗೆ ಬಿತ್ತೋ, ಹೆದರಿ ಬಿಟ್ಟು ಹೋಯಿತೋ. ತಾತನಿಗೆ ಹೇಳಿದೆ. ಅವರು ಬೈಯಲಿಲ್ಲ, ಎದ್ದು ಹೋದರು. ಬೈದಿದ್ದರೆ ವಾಸಿ ಇತ್ತು.

ಅವತ್ತಿನಿಂದ ಗೂಡು ಇರುವ ಕಡೆಗೆ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ಫೋನಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಪದೇಪದೇ ಕರೆಯುವುದನ್ನೂ ಬಿಟ್ಟೆ. ಇದರಿಂದ ಕೆಲವು ಗಿರಾಕಿಗಳು ಕೈಬಿಟ್ಟು ಹೋದರು, ಹೋಗಲಿ.

ಈ ವರ್ಷ ಕಪ್ಪೆಬಾಯಿ ಜೋಡಿ ಮತ್ತೆ ಬಂದಿದೆ. ಒಂದಕ್ಕೊಂದು ಅಂಟಿಕೊಂಡು ಕೂತಿವೆ. ಎಲ್ಲಿ ಅಂತ ಮಾತ್ರ ಕೇಳಬೇಡಿ, ಹೆಂಡತಿಗೂ ಹೇಳಿಲ್ಲ.