ಏಟಿಗೆ ಮುಂಚಿನ ಹೊತ್ತು

ಕೇಳುಗರಿಗೆ ನಮಸ್ಕಾರ.

ಕತ್ತಿವರಸೆಯ, ಕುಂಗ್ ಫೂ ಹೊಡೆದಾಟದ ಸೇಡಿನ ಚಿತ್ರಗಳು ಜನರನ್ನು ಏಕೆ ಹಿಡಿದು ಕೂರಿಸುತ್ತವೆ ಎಂಬ ವಿಷಯವಾಗಿ ಮಾತನಾಡಬೇಕೆಂದು ನನ್ನನ್ನು ಕರೆದಿದ್ದಾರೆ. ಇಂತಹ ಚಿತ್ರ ಶುರುವಾದೊಡನೆ ಮುಖ ಸಿಂಡರಿಸಿ ಎದ್ದುಹೋಗುವ ಹಿರಿಯರೂ, ಅವರು ಮಲಗಿದ ಮೇಲೆ ಅದನ್ನೇ ಧ್ವನಿ ತಗ್ಗಿಸಿ ನೋಡುವ ಮೊಮ್ಮಕ್ಕಳೂ ಈಗ ಕೇಳುತ್ತಿದ್ದೀರಿ ಎಂದು ನಾನು ಭಾವಿಸಿಕೊಂಡಿದ್ದೇನೆ. ಹಿರಿಯರ ಪ್ರಶ್ನೆ ನನಗೆ ಚೆನ್ನಾಗಿ ಗೊತ್ತು: ಅಷ್ಟೊಂದು ರಕ್ತ ನೋಡುವುದರಲ್ಲಿ ಏನು ಸುಖ? ಚಲನಚಿತ್ರದ ಪಾಠ ಹೇಳಲು ತೊಡಗಿದಾಗಿನಿಂದ ಈ ಪ್ರಶ್ನೆಗೆ ಉತ್ತರ ಕೊಡುತ್ತಲೇ ಬಂದಿದ್ದೇನೆ. ಇವತ್ತು ಇನ್ನೊಮ್ಮೆ, ಆದಷ್ಟು ತಾಳ್ಮೆಯಿಂದ, ಕೊಡುತ್ತೇನೆ. ಸುಖವಿರುವುದು ಏಟಿಗೆ ಮುಂಚಿನ ಹೊತ್ತಿನಲ್ಲಿ. ಇದೊಂದನ್ನು ನೀವು ನೆನಪಿಟ್ಟುಕೊಂಡರೆ ಉಳಿದದ್ದನ್ನೆಲ್ಲ ಮರೆತರೂ ನನಗೆ ಬೇಸರವಿಲ್ಲ.

ಅಕಿರ ಕುರೊಸಾವ 1962ರಲ್ಲಿ ನಿರ್ದೇಶಿಸಿದ ‘ಸಂಜುರೊ’ ಎಂಬ ಜಪಾನೀ ಚಿತ್ರದ ಕೊನೆಯನ್ನು ನೋಡಿದವರು ನೆನೆಸಿಕೊಳ್ಳಿ, ನೋಡದವರು ಕಲ್ಪಿಸಿಕೊಳ್ಳಿ. ತೊಶಿರೊ ಮಿಫುನೆ ಮತ್ತು ತತ್ಸುಯ ನಕದಾಯ್ ಎದುರುಬದುರಾಗಿ, ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ ನಿಂತಿದ್ದಾರೆ. ತನ್ನನ್ನು ಮೋಸಗೊಳಿಸಿದವನೊಡನೆ ಆ ಅವಮಾನದ ಲೆಕ್ಕ ತೀರಿಸದೆ ಒಬ್ಬನು ಹೋಗಲೊಲ್ಲ. ಇನ್ನೊಬ್ಬನಿಗೆ ಈ ಕಾಳಗವೇ ಬೇಡವಾಗಿದೆ. ಕತ್ತಿಗಳು ಒರೆಯಲ್ಲೇ ಇವೆ. ಸುಮಾರು ಅರ್ಧ ನಿಮಿಷ ಯಾರೂ ಅಲುಗುವುದಿಲ್ಲ, ಮಾತಿಲ್ಲ, ಸಂಗೀತವಿಲ್ಲ. ಆಮೇಲೆ ಕಣ್ಣಿಗೆ ಸಿಕ್ಕದ ವೇಗದಲ್ಲಿ ಒಂದೇ ಒಂದು ವರಸೆ, ಸೋತವನ ಎದೆಯಿಂದ ಬುಗ್ಗೆಯಾಗಿ ಚಿಮ್ಮುವ ರಕ್ತ. ಚಿತ್ರ ಕಪ್ಪು-ಬಿಳುಪಿನದಾದ್ದರಿಂದ ಆ ರಕ್ತವೂ ಕಪ್ಪೇ. ಮನುಷ್ಯನ ದೇಹದಿಂದ ರಕ್ತ ಹಾಗೆ ಚಿಮ್ಮುವುದಿಲ್ಲವೆಂದು ವೈದ್ಯರು ಹೇಳುತ್ತಾರೆ, ಹೇಳಲಿ. ಅರ್ಧ ನಿಮಿಷದಿಂದ ನಾವು ಬಿಗಿಹಿಡಿದಿದ್ದ ಉಸಿರು ಒಮ್ಮೆಲೆ ಹೊರಬೀಳಲು ಅಷ್ಟು ದೊಡ್ಡ ಬುಗ್ಗೆಯೇ ಬೇಕಿತ್ತು.

ಕನ್ನಡದಲ್ಲಿ ಸೇಡಿಗೆ ಮುಯ್ಯಿ ಎಂಬ ಮಾತೂ ಇದೆ. ಉಡುಗೊರೆಗೂ ಹಗೆಗೂ ಅದೊಂದೇ ಮಾತು, ಏಕೆಂದರೆ ಎರಡರಲ್ಲೂ ಪಡೆದದ್ದನ್ನು ಅಳತೆ ತಪ್ಪದೆ ಹಿಂದಿರುಗಿಸಬೇಕು. ಬದುಕಿನಲ್ಲಿ ಯಾವ ಅನ್ಯಾಯದ ಲೆಕ್ಕವೂ ಹೀಗೆ ಚುಕ್ತಾ ಆಗುವುದಿಲ್ಲ, ಈ ಚಿತ್ರಗಳಲ್ಲಿ ಆಗುತ್ತದೆ. ಆದರೆ ಹಿಂದಿರುಗಿಸುವವನು ಅದಕ್ಕಾಗಿ ಎಷ್ಟು ತೆತ್ತನೆಂಬುದನ್ನು ನಾವು ಕೂತು ನೋಡಿರಬೇಕು. ನೋಡಿರದಿದ್ದರೆ ಕೊನೆಯ ಏಟು ಬರಿಯ ಗದ್ದಲ.

ಇದನ್ನು ನಾನು ಪುಸ್ತಕ ಓದಿ ತಿಳಿದವನಲ್ಲ. ತರುಣನಾಗಿದ್ದಾಗ ಒಂದು ಚಿತ್ರಸಮಾಜದ ಪ್ರದರ್ಶನಕ್ಕೆ ಹೋಗಿದ್ದೆ. ಅಂದಿನ ಚಿತ್ರ ಹಾಂಗ್‌ಕಾಂಗಿನ ಶಾ ಬ್ರದರ್ಸ್ ಚಿತ್ರಸಂಸ್ಥೆ 1978ರಲ್ಲಿ ಹೊರತಂದ ‘ದಿ ಥರ್ಟಿ-ಸಿಕ್ಸ್ತ್ ಚೇಂಬರ್ ಆಫ್ ಶಾವೊಲಿನ್’. ಆಗ ಚೀನವನ್ನು ಆಳುತ್ತಿದ್ದ ಮಂಚುಗಳ ಸೈನಿಕರಿಂದ ತನ್ನವರನ್ನೆಲ್ಲ ಕಳೆದುಕೊಂಡ ಹುಡುಗನೊಬ್ಬ ಗಾಯಗೊಂಡು ಶಾವೊಲಿನ್ ಮಠ ಸೇರುತ್ತಾನೆ. ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ರೀಲು ಬದಲಾಯಿತು. ನಿನ್ನೆ ಮೊನ್ನೆ ಅಂಗಳ ಗುಡಿಸುತ್ತಿದ್ದ ಅದೇ ಹುಡುಗ ಇದ್ದಕ್ಕಿದ್ದಂತೆ ಮಹಾವೀರನಾಗಿ ವೈರಿಗಳನ್ನು ಬಡಿಯತೊಡಗಿದ. ಹೊಡೆದಾಟಗಳು ಅಚ್ಚುಕಟ್ಟಾಗಿಯೇ ಇದ್ದವು. ಆದರೆ ಸಭಾಂಗಣದಲ್ಲಿ ಆಕಳಿಕೆ ಶುರುವಾಯಿತು. ನನ್ನ ಪಕ್ಕದವರಂತೂ ದುಷ್ಟ ಸೇನಾಪತಿ ಸಾಯುವ ಹೊತ್ತಿಗೆ ನಿದ್ದೆಹೋಗಿದ್ದರು. ದೀಪ ಹತ್ತಿದ ಮೇಲೆ ನೋಡಿದರೆ, ನಡುವಿನ ರೀಲುಗಳ ಡಬ್ಬ ಪ್ರೊಜೆಕ್ಟರಿನ ಮೇಜಿನ ಕೆಳಗೇ ಕುಳಿತಿತ್ತು!

ಬಂದದ್ದು ಬಂದೆವು, ಅದನ್ನೂ ಹಾಕಿಬಿಡಿ ಎಂದು ಯಾರೋ ಕೂಗಿದರು. ಹಾಕಿದರು. ಆ ರೀಲುಗಳಲ್ಲಿ ಸೇಡಿನ ಸುದ್ದಿಯೇ ಇಲ್ಲ, ಇರುವುದು ಬರಿಯ ಅಭ್ಯಾಸ. ನೀರಿನಲ್ಲಿ ತೇಲುವ ಮರದ ತುಂಡುಗಳ ಮೇಲೆ ಹಾರಿ ದಾಟಿದರೆ ಮಾತ್ರ ಊಟ. ಹುಡುಗ ಮತ್ತೆ ಮತ್ತೆ ನೀರಿಗೆ ಬೀಳುತ್ತಾನೆ. ಎರಡೂ ತೋಳುಗಳನ್ನು ಅಡ್ಡಲಾಗಿ ಚಾಚಿ ನೀರಿನ ಬಕೆಟ್ಟುಗಳನ್ನು ಹೊರಬೇಕು, ತೋಳಿಗೆ ಕಟ್ಟಿದ ಚೂರಿಗಳು ಕೈ ಸೋತು ಇಳಿದರೆ ಪಕ್ಕೆಗೆ ಚುಚ್ಚುತ್ತವೆ. ತೂಗುಬಿಟ್ಟ ಮರಳಿನ ಮೂಟೆಗಳನ್ನು ತಲೆಯಿಂದ ಗುದ್ದಬೇಕು. ಹೀಗೆ ಒಂದೊಂದು ಅಭ್ಯಾಸಕ್ಕೆ ಒಂದೊಂದರಂತೆ ಮೂವತ್ತೈದು ಕೋಣೆಗಳು. ಎಲ್ಲ ಮುಗಿಯಿತೆಂದು ಬೀಗುವಾಗ ಹಿರಿಯ ಭಿಕ್ಷುವೊಬ್ಬನು ಅವನನ್ನು ಎರಡು ಕತ್ತಿ ಹಿಡಿದು ಸೋಲಿಸುತ್ತಾನೆ, ಮರಳಿ ಬಂದರೆ ಮತ್ತೆ ಸೋಲಿಸುತ್ತಾನೆ. ಆಗ ಹುಡುಗ ಮೂರು ತುಂಡಿನ ಕೋಲೊಂದನ್ನು ತಾನೇ ಕಂಡುಹಿಡಿದು ಅವನನ್ನು ಗೆಲ್ಲುತ್ತಾನೆ. ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮುಗಿದೊಡನೆ ಎಲ್ಲರೂ ಒಂದೇ ದನಿಯಲ್ಲಿ ಕೇಳಿದ್ದೇನೆಂದರೆ, ಕೊನೆಯ ರೀಲನ್ನು ಮತ್ತೆ ಹಾಕಿ! ಅರ್ಧರಾತ್ರಿಯಾಗಿತ್ತು, ಆದರೂ ಹಾಕಿದರು. ಎರಡು ಗಂಟೆಯ ಹಿಂದೆ ಆಕಳಿಸುತ್ತಾ ನೋಡಿದ ಅದೇ ಹೊಡೆದಾಟಕ್ಕೆ ಈ ಸಲ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ನನ್ನ ಪಕ್ಕದವರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಏಟು ಅದೇ, ಏಟಿಗೆ ಮುಂಚಿನ ಹೊತ್ತು ಮಾತ್ರ ಈಗ ಅವರ ಕೈಯಲ್ಲಿತ್ತು.

ನನಗೆ ಕೊಟ್ಟ ಸಮಯದ ಬಹುಪಾಲನ್ನು ಆ ಡಬ್ಬವೇ ನುಂಗಿಬಿಟ್ಟಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಆ ಚಿತ್ರದಲ್ಲಿ ಹುಡುಗನಾಗಿದ್ದ ಗೋರ್ಡನ್ ಲಿಯು, ಕ್ವೆಂಟಿನ್ ಟ್ಯಾರಂಟಿನೊ ನಿರ್ದೇಶಿಸಿದ ‘ಕಿಲ್ ಬಿಲ್’ನ ಎರಡನೆಯ ಭಾಗದಲ್ಲಿ, ಅಂದರೆ 2004ರಲ್ಲಿ, ಬಿಳಿಗಡ್ಡದ ಗುರು ಪೈ ಮೇ ಆಗಿ ಬಂದರು. ನಾಯಕಿಯನ್ನು ಹಲಗೆಯ ಮುಂದೆ ನಿಲ್ಲಿಸಿ, ಮೂರು ಅಂಗುಲದ ದೂರದಿಂದ ಗುದ್ದಿ ಒಡೆಯೆಂದು ಗೆಣ್ಣು ಸುಲಿಯುವವರೆಗೆ ಗೋಳಾಡಿಸುತ್ತಾರೆ. ಮುಂದೆ ವೈರಿಯೊಬ್ಬ ಅವಳನ್ನು ಜೀವಂತವಾಗಿ ಶವಪೆಟ್ಟಿಗೆಯಲ್ಲಿ ಹೂತಾಗ ಕೈ ಬೀಸಲು ಅಷ್ಟೇ ಜಾಗವಿರುತ್ತದೆ. ಆ ಗುದ್ದಿಗೆ ಜಗತ್ತಿನ ಎಲ್ಲ ಚಿತ್ರಮಂದಿರಗಳಲ್ಲೂ ಶಿಳ್ಳೆ ಬಿದ್ದಿರಲೇಬೇಕು, ಮುರಿಯುವುದು ಮರವೇ ಆದರೂ.

ಕ್ಷಣಕ್ಕೊಂದು ಕತ್ತರಿ ಹಾಕಿ, ಯಾರು ಯಾರಿಗೆ ಹೊಡೆದರೆಂದೇ ತಿಳಿಯದಂತೆ ಮಾಡಿ, ಅದನ್ನು ವೇಗವೆಂದು ಕರೆಯುವ ಈಚಿನ ನಿರ್ದೇಶಕರ ಬಗ್ಗೆ ಇಲ್ಲಿ ನಾನು ಏನೂ ಹೇಳುವುದಿಲ್ಲ. ಹೇಳಿದರೆ ನನ್ನನ್ನು ಮತ್ತೆ ಕರೆಯುವುದಿಲ್ಲ.

ಕೊನೆಯದಾಗಿ, ತೊಶಿಯ ಫುಜಿತ 1973ರಲ್ಲಿ ನಿರ್ದೇಶಿಸಿದ ‘ಲೇಡಿ ಸ್ನೋಬ್ಲಡ್’. ಸೆರೆಮನೆಯಲ್ಲಿ ತಾಯಿಯೊಬ್ಬಳು ತನ್ನ ಸೇಡು ತೀರಿಸಲೆಂದೇ ಮಗಳನ್ನು ಹೆತ್ತು ಪ್ರಾಣ ಬಿಡುತ್ತಾಳೆ. ಮಗಳು ಯುಕಿ, ಆ ಪಾತ್ರದಲ್ಲಿ ಮೇಕೊ ಕಾಜಿ, ಕೊಡೆಯ ಹಿಡಿಯಲ್ಲಿ ಕತ್ತಿ ಬಚ್ಚಿಟ್ಟುಕೊಂಡು ವೈರಿಗಳನ್ನು ಹುಡುಕುತ್ತಾ ಹೊರಡುತ್ತಾಳೆ. ಬಿಳಿಯ ಹಿಮದ ಮೇಲೆ ಕೆಂಪು ರಕ್ತವನ್ನು ಇಷ್ಟು ಧಾರಾಳವಾಗಿ ಸುರಿದ ಚಿತ್ರ ಅಪರೂಪ. ಆದರೂ ನನಗೆ ಮರೆಯಲಾಗದಿರುವುದು ಬೇರೆಯದೇ ದೃಶ್ಯ. ಹುಟ್ಟಿದಂದಿನಿಂದ ಒಂದೇ ಏಟಿಗಾಗಿ ಬೆಳೆದವಳು, ವೈರಿಗಳಲ್ಲೊಬ್ಬ ಆಗಲೇ ಸತ್ತನೆಂದು ಕೇಳಿ, ಅವನ ಸಮಾಧಿಯ ಮುಂದೆ ಬಂದು ನಿಲ್ಲುತ್ತಾಳೆ. ಕತ್ತಿ ಹಿರಿಯುತ್ತಾಳೆ. ಬೀಸುತ್ತಾಳೆ. ಅಲ್ಲಿಟ್ಟಿದ್ದ ಹೂಗಳು ತುಂಡಾಗಿ ಬೀಳುತ್ತವೆ.

ನಮಸ್ಕಾರ.