ರೀಮಾನ್ ಮಾಡಿದ ಭಾಷಣ

ಎಲ್ಲರಿಗೂ ನಮಸ್ಕಾರ. ಮೈಕಿನ ಮುಂದೆ ಕೂತಾಗಲೆಲ್ಲ ನನಗೆ ಗಣಿತಜ್ಞ ಬರ್ನ್‌ಹಾರ್ಡ್ ರೀಮಾನ್ ನೆನಪಾಗುತ್ತಾರೆ. ನಾಲ್ಕು ಜನರ ಎದುರು ಮಾತಾಡಲು ಅವರಿಗೆ ಬಹಳ ಅಂಜಿಕೆ. ಆದರೂ ಅವರ ಒಂದು ಭಾಷಣ ಜ್ಯಾಮಿತಿಯ ದಾರಿಯನ್ನೇ ಬದಲಿಸಿತು.

ಹುಟ್ಟಿದ್ದು 1826ರಲ್ಲಿ, ಜರ್ಮನಿಯ ಬ್ರೆಸೆಲೆಂಟ್ಸ್ ಹಳ್ಳಿಯಲ್ಲಿ. ತಂದೆ ಪಾದ್ರಿ. ಮನೆಯಲ್ಲಿ ಆರು ಮಕ್ಕಳು, ಕೈಯಲ್ಲಿ ಕಾಸು ಕಡಿಮೆ. 1846ರಲ್ಲಿ ಗಟ್ಟಿಂಗೆನ್ ವಿಶ್ವವಿದ್ಯಾಲಯ ಸೇರಿದ್ದು ಧರ್ಮಶಾಸ್ತ್ರ ಓದಲು. ಮನಸ್ಸು ಮಾತ್ರ ಗಣಿತದಲ್ಲಿತ್ತು. ಅಪ್ಪನ ಒಪ್ಪಿಗೆ ಕೇಳಿ, ಸಿಕ್ಕ ಮೇಲೆಯೇ ಗಣಿತಕ್ಕೆ ಬಂದರು.

ಅಲ್ಲಿ ಪಾಠ ಮಾಡಬೇಕಾದರೆ ಮೊದಲು ಒಂದು ಭಾಷಣ ಮಾಡಬೇಕಿತ್ತು. ರೀಮಾನ್ ಮೂರು ವಿಷಯ ಬರೆದುಕೊಟ್ಟರು. ಮೊದಲ ಎರಡಕ್ಕೆ ತಯಾರಿ ಆಗಿತ್ತು. ಅಲ್ಲಿನ ಹಿರಿಯ ಗಣಿತಜ್ಞ ಗೌಸ್ ಆರಿಸಿದ್ದು ಮೂರನೆಯದನ್ನು! ಜ್ಯಾಮಿತಿಯ ಬುಡದಲ್ಲಿರುವ ಊಹೆಗಳು ಯಾವುವು ಅನ್ನುವ ವಿಷಯ ಅದು. ದಿನ 1854ರ ಜೂನ್ 10.

ಒಂದು ಮೂಸಂಬಿ ಕೈಗೆ ತಗೊಳ್ಳಿ. ತೊಟ್ಟಿನಿಂದ ನಡುವಿನವರೆಗೆ ನೇರ ಗೆರೆ ಇಳಿಸಿ. ನಡುವಿನಲ್ಲೇ ಕಾಲು ಸುತ್ತು ಹೋಗಿ, ಮತ್ತೆ ತೊಟ್ಟಿಗೆ ಹತ್ತಿ. ತ್ರಿಕೋನ ಆಯಿತು. ಮೂರು ಮೂಲೆಯಲ್ಲೂ 90 ಡಿಗ್ರಿ, ಒಟ್ಟು 270. ಶಾಲೆಯಲ್ಲಿ ನಾವು ಕಲಿತದ್ದು 180 ಅಲ್ವಾ? ಅಂದರೆ ಆ ಸಿಪ್ಪೆಯ ಮೇಲೆ ಹರಿದಾಡುವ ಇರುವೆ ಕೂಡ, ಹೊರಗೆ ಬಾರದೆ, ಬರೀ ಅಳತೆಯಿಂದಲೇ ತನ್ನ ನೆಲ ಬಾಗಿದೆ ಎಂದು ತಿಳಿಯಬಹುದು. ಇಷ್ಟನ್ನು ಗೌಸ್ ಮೊದಲೇ ತೋರಿಸಿದ್ದರು. ರೀಮಾನ್ ಮುಂದಕ್ಕೆ ಹೋದರು. ನಾವಿರುವ ಈ ಜಾಗವೇ ಬಾಗಿದ್ದರೆ? ಅದನ್ನು ಒಳಗಿನಿಂದಲೇ ಅಳೆಯುವುದು ಹೇಗೆ? ಸೂತ್ರಗಳನ್ನು ಹೆಚ್ಚುಕಡಿಮೆ ಬಿಟ್ಟು, ಮಾತಿನಲ್ಲೇ ಇದನ್ನು ಬಿಡಿಸಿಟ್ಟರು. ಸುಲಭಕ್ಕೆ ಯಾರನ್ನೂ ಹೊಗಳದ ಗೌಸ್, ಮನೆಗೆ ಹೋಗುವ ದಾರಿಯಲ್ಲಿ ಗೆಳೆಯ ವೇಬರ್ ಹತ್ತಿರ ಇದನ್ನು ಮನಸಾರೆ ಮೆಚ್ಚಿಕೊಂಡರಂತೆ. ಮುಂದೆ 1915ರಲ್ಲಿ ಐನ್‌ಸ್ಟೈನ್ ಗುರುತ್ವವನ್ನು ವಿವರಿಸಲು ಹೊರಟಾಗ ಬೇಕಾದ ಗಣಿತ ಇಲ್ಲೇ ಬೇರೂರಿತ್ತು.

1859ರಲ್ಲಿ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಒಂದು ಪುಟ್ಟ ಲೇಖನ ಬರೆದರು. ಅದರಲ್ಲಿನ ಒಂದು ಊಹೆಯನ್ನು ಇವತ್ತಿಗೂ ಯಾರೂ ಸಾಧಿಸಿಲ್ಲ. ಅದರ ಕಥೆ ದೊಡ್ಡದು, ಇನ್ನೊಂದು ದಿನ ಹೇಳುತ್ತೇನೆ.

1862ರಲ್ಲಿ ಮದುವೆಯಾಯಿತು. ಅದೇ ವರ್ಷ ಕಾಯಿಲೆ ಹಿಡಿಯಿತು, ಅದು ಕ್ಷಯ. ಬೆಚ್ಚಗಿನ ಹವೆಗಾಗಿ ಮತ್ತೆ ಮತ್ತೆ ಇಟಲಿಗೆ ಹೋದರು. 1866ರ ಜುಲೈ 20ರಂದು ಅಲ್ಲೇ, ಮಜೋರೆ ಸರೋವರದ ದಡದ ಸೆಲಾಸ್ಕದಲ್ಲಿ ತೀರಿಕೊಂಡರು. ವಯಸ್ಸು ಬರೀ 39. ಹಿಂದಿನ ದಿನವೂ ಅಂಜೂರದ ಮರದ ಕೆಳಗೆ ಕೂತು ಕೆಲಸ ಮಾಡುತ್ತಿದ್ದರಂತೆ.

ಆ ಭಾಷಣ ಅಲ್ಲಿಯವರೆಗೂ ಅಚ್ಚಾಗಿರಲಿಲ್ಲ. ಎರಡು ವರ್ಷದ ನಂತರ ಗೆಳೆಯ ಡೆಡೆಕಿಂಡ್ ಅದನ್ನು ಅಚ್ಚು ಹಾಕಿಸಿದರು.