ಕಮಲಾ ಹ್ಯಾರಿಸ್ ಅಪ್ಪನ ಕಡೆಯೋರು ಯಾರು? ಜಮೈಕಾದ ಹಳೇ ರಿಜಿಸ್ಟರ್‌ಗಳಲ್ಲಿ ಒಂದು ಹುಡುಕಾಟ

ನಮಸ್ಕಾರ ಎಲ್ಲರಿಗೂ. ಅಮೆರಿಕಾ ಎಲೆಕ್ಷನ್ ಬಂದಾಗ ತಮಿಳುನಾಡಿನ ತುಳಸೇಂದ್ರಪುರಂನಲ್ಲಿ ಕಮಲಾ ಹ್ಯಾರಿಸ್ ಗೆಲ್ಲಲಿ ಅಂತ ಪೂಜೆ ಮಾಡಿಸಿದ್ದನ್ನ ನೀವೂ ಟೀವೀಲಿ ನೋಡಿರ್ತೀರ. ಅಮ್ಮ ಯಾರು, ತಾತ ಏನಾಗಿದ್ರು, ಎಲ್ಲಾ ನಮ್ ಚಾನೆಲ್‌ಗಳು ಬಾಯಿಪಾಠ ಮಾಡಿಸಿಬಿಟ್ಟಿವೆ. ಆದ್ರೆ ನಮ್ಮ ವೀಕ್ಷಕರೊಬ್ರು ಕೇಳಿದ್ರು ನೋಡಿ, "ಅಪ್ಪನ ಕಡೆ ಕಥೆ ಏನ್ ಸಾರ್, ಅದನ್ನ ಯಾಕೆ ಯಾರೂ ಎತ್ತಲ್ಲ?" ಅಂತ. ನ್ಯಾಯವಾದ ಪ್ರಶ್ನೆ.

[ಸ್ಕ್ರೀನ್ ಮೇಲೆ: ಜಮೈಕಾ ಮ್ಯಾಪ್, ಸೇಂಟ್ ಆನ್ ಪ್ಯಾರಿಷ್]

ಅಪ್ಪ ಡೊನಾಲ್ಡ್ ಹ್ಯಾರಿಸ್. 1938ರಲ್ಲಿ ಹುಟ್ಟಿದ್ದು, ಜಮೈಕಾದ ಸೇಂಟ್ ಆನ್ ಪ್ಯಾರಿಷ್‌ನ (ಪ್ಯಾರಿಷ್ ಅಂದ್ರೆ ನಮ್ಮ ಜಿಲ್ಲೆ ಥರ) ಬ್ರೌನ್ಸ್ ಟೌನ್ ಕಡೆಯೋರು, ಸ್ಟ್ಯಾನ್‌ಫರ್ಡ್‌ನಲ್ಲಿ ಎಕನಾಮಿಕ್ಸ್ ಪ್ರೊಫೆಸರ್ ಆಗಿದ್ರು. ಅವರೇ ಒಂದು ಲೇಖನದಲ್ಲಿ ಬರೆದಿದಾರೆ, ನಮ್ಮಪ್ಪನ ತಾಯಿ ಕ್ರಿಸ್ಟಿಯಾನಾ ಬ್ರೌನ್, ಆಕೆ ಹ್ಯಾಮಿಲ್ಟನ್ ಬ್ರೌನ್ ವಂಶದೋಳು ಅಂತ. ಈ ಹ್ಯಾಮಿಲ್ಟನ್ ಬ್ರೌನ್ ಯಾರಪ್ಪಾ ಅಂದ್ರೆ, ಐರ್ಲೆಂಡಿನ ಆಂಟ್ರಿಮ್‌ನಿಂದ ಬಂದ ಪ್ಲಾಂಟರ್, ಅಂದ್ರೆ ತೋಟದ ಯಜಮಾನ, ಗುಲಾಮರ ಒಡೆಯ. ಬ್ರೌನ್ಸ್ ಟೌನ್ ಅನ್ನೋ ಊರೇ ಅವನ ಹೆಸರಲ್ಲಿರೋದು. ಇದು ಹೊರಗೆ ಬಂದಿದ್ದೇ ತಡ ಇಂಟರ್ನೆಟ್ ಎರಡು ಹೋಳಾಯ್ತು, ಒಂದು ಕಡೆ "ನೋಡಿದ್ರಾ, ಒಡೆಯನ ಮೊಮ್ಮಗಳು!" ಅಂತ ಕುಣಿಯೋರು, ಇನ್ನೊಂದು ಕಡೆ "ಎಲ್ಲಾ ಸುಳ್ಳು" ಅನ್ನೋರು. ಕಾಗದ ಏನ್ ಹೇಳುತ್ತೆ ಅಂತ ಇಬ್ರಿಗೂ ಬೇಕಾಗಿರ್ಲಿಲ್ಲ. ನನಗೆ ಬೇಕು.

ಹಿನ್ನೆಲೆ ಫಾಸ್ಟಾಗಿ ಮುಗಿಸ್ತೀನಿ. 1655ರಲ್ಲಿ ಜಮೈಕಾ ಸ್ಪೇನ್ ಕೈಯಿಂದ ಇಂಗ್ಲೆಂಡ್ ಕೈಗೆ. ಕಬ್ಬು, ಸಕ್ಕರೆ, ಆಫ್ರಿಕಾದಿಂದ ಹಡಗುಗಟ್ಟಲೆ ಗುಲಾಮರು. 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರ ನಿಷೇಧಿಸ್ತು, ವ್ಯಾಪಾರ ಮಾತ್ರ, ಗುಲಾಮಗಿರಿ ಅಲ್ಲ. ಅದು ಮುಗಿದಿದ್ದು 1834ರ ಆಗಸ್ಟ್ 1ಕ್ಕೆ, ಅದೂ ಹೆಸರಿಗೆ, ಯಾಕಂದ್ರೆ "ಅಪ್ರೆಂಟಿಸ್" ಅಂತ ಬೋರ್ಡ್ ಹಾಕಿ ಅದೇ ಜನರ ಕೈಲಿ ಅದೇ ಗದ್ದೆಯಲ್ಲಿ 1838ರವರೆಗೂ ದುಡಿಸ್ಕೊಂಡ್ರು.

ಈಗ ಹುಡುಕಾಟ. ಇದು ಯಾವತ್ತೂ ಗೊತ್ತಿರೋ ಕಡೆಯಿಂದ ಹಿಂದಕ್ಕೆ ಹೋಗ್ಬೇಕು. ಫೇಮಸ್ ಹೆಸರು ಹಿಡ್ಕೊಂಡು ಕೆಳಗೆ ಇಳಿಯೋಕೆ ಹೋದ್ರೆ ಎಲ್ಲಾ ಬ್ರೌನ್‌ಗಳೂ ಹ್ಯಾಮಿಲ್ಟನ್ ಮಕ್ಕಳೇ ಆಗ್ಬಿಡ್ತಾರೆ. ಜಮೈಕಾದಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಶುರುವಾಗಿದ್ದು 1878ರಲ್ಲಿ. ಅಲ್ಲೀವರೆಗೆ ದಾರಿ ಸಲೀಸು, ಫ್ಯಾಮಿಲಿಸರ್ಚ್ ಸೈಟಲ್ಲಿ ಸ್ಕ್ಯಾನ್ ಫ್ರೀಯಾಗೇ ನೋಡ್ಬೋದು. ಒಂದೇ ತಲೆನೋವು, ಅಪ್ಪ ಅಮ್ಮನಿಗೆ ಮದುವೆ ಆಗಿಲ್ಲ ಅಂದ್ರೆ ಅಪ್ಪನ ಕಾಲಂ ಹೆಚ್ಚಾಗಿ ಖಾಲಿ. ಅಲ್ಲಿ ಅಂಥ ಸಂಸಾರಗಳು ರಾಶಿ ರಾಶಿ ಇದ್ವು, ಯಾರೂ ಅದನ್ನ ದೊಡ್ಡ ವಿಷಯ ಮಾಡ್ತಿರ್ಲಿಲ್ಲ, ಕ್ಲರ್ಕ್ ಬಿಟ್ಟು.

1878ಕ್ಕಿಂತ ಹಿಂದೆ ಹೋದ್ರೆ ಚರ್ಚ್ ರಿಜಿಸ್ಟರ್. ಆಂಗ್ಲಿಕನ್ ಚರ್ಚಿನವು 1660ರ ದಶಕದಿಂದ ಇವೆ, ಬ್ಯಾಪ್ಟಿಸ್ಟ್, ಮೆಥಡಿಸ್ಟ್ ಎಲ್ಲಾ ಬೇರೆ ಬೇರೆ ಪುಸ್ತಕ. 1838 ದಾಟಿ ಹಿಂದೆ ಕಾಲಿಟ್ರೆ ಗೋಡೆ. ಅಲ್ಲಿಂದಾಚೆ ಗುಲಾಮರಿಗೆ ಹೆಚ್ಚಾಗಿ ಒಂದೇ ಹೆಸರು, ಮನೆತನದ ಹೆಸರಿಲ್ಲ. ಒಂದೇ ತೋಟದಲ್ಲಿ ದೊಡ್ಡ ಫಿಬ್ಬಾ, ಚಿಕ್ಕ ಫಿಬ್ಬಾ, ಜೊತೆಗೆ ಒಡೆಯ ತಮಾಷೆಗೆ ಇಟ್ಟ ಸೀಸರ್, ಪಾಂಪೆ, ಲಂಡನ್. ಇದರಲ್ಲಿ ನಿಮ್ಮ ಮುತ್ತಜ್ಜಿನ ಎಲ್ಲಿ ಅಂತ ಹುಡುಕ್ತೀರ?

ಇಲ್ಲಿ ಸ್ವಲ್ಪ ನಿಲ್ತೀನಿ, ಟೈಮ್ ಜಾಸ್ತಿ ಆದ್ರೂ ಪರವಾಗಿಲ್ಲ, ಯಾಕಂದ್ರೆ ಈ ವಿಡಿಯೋ ಮಾಡಿದ್ದೇ ಇದಕ್ಕೋಸ್ಕರ.

[ಸ್ಕ್ರೀನ್ ಮೇಲೆ: ಗುಲಾಮರ ರಿಜಿಸ್ಟರ್‌ನ ಒಂದು ಪುಟ, ನಿಧಾನಕ್ಕೆ ಝೂಮ್]

1807ರ ಮೇಲೂ ಕದ್ದುಮುಚ್ಚಿ ಜನರನ್ನ ತರ್ತಿದ್ದಾರೆ ಅನ್ನೋ ಅನುಮಾನ ಇತ್ತು, ಅದಕ್ಕೆ ಲಂಡನ್ ಒಂದು ಲೆಕ್ಕ ಕೇಳ್ತು, ನಿಮ್ಮ ಹತ್ರ ಎಷ್ಟು ಜನ ಇದಾರೆ, ಒಬ್ಬೊಬ್ಬರ ಹೆಸರೂ ಬರೆದು ಕೊಡಿ ಅಂತ. ಟ್ರಿನಿಡಾಡ್‌ನಲ್ಲಿ 1813ರಲ್ಲಿ, ಜಮೈಕಾದಲ್ಲಿ 1817ರಲ್ಲಿ ಶುರು, ಆಮೇಲೆ ಮೂರು ವರ್ಷಕ್ಕೊಂದ್ಸಲ, 1832ರವರೆಗೆ. ಪ್ಲಾಂಟರ್‌ಗಳು ಇದನ್ನ ಜೋರಾಗಿ ವಿರೋಧಿಸಿದ್ರು, ನಮ್ಮ ಆಸ್ತಿ ಲೆಕ್ಕ ಕೇಳೋಕೆ ನೀವ್ಯಾರು ಅಂತ. ಲಂಡನ್‌ಗೆ ಹೋದ ಪ್ರತಿ ಇವತ್ತು ಕ್ಯೂ ಅನ್ನೋ ಏರಿಯಾದಲ್ಲಿರೋ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ, ಸರಣಿ ಹೆಸರು ಟಿ 71.

ಜಮೈಕಾ ಪುಟದಲ್ಲಿ ಕಾಲಂ ಹೀಗೆ: ಹೆಸರು, ಮೈಬಣ್ಣ, ವಯಸ್ಸು, ಆಫ್ರಿಕಾದಲ್ಲಿ ಹುಟ್ಟಿದ್ದಾ ಇಲ್ಲೇ ಹುಟ್ಟಿದ್ದಾ, ಕೊನೇಲಿ ಷರಾ. ಆ ಷರಾ ಕಾಲಂ ಇದೆಯಲ್ಲ, ಅದೇ ಚಿನ್ನ. ಮಗು ಆದ್ರೆ ಅಲ್ಲಿ ತಾಯಿ ಹೆಸರು ಬರ್ತಿತ್ತು. 1820ರಲ್ಲಿ ಪೂರ್ತಿ ಪಟ್ಟಿ ಮತ್ತೆ ಬರೀತಿರ್ಲಿಲ್ಲ, ಹುಟ್ಟಿದ್ದು ಸತ್ತಿದ್ದು, ಕೊಂಡಿದ್ದು ಮಾರಿದ್ದು, ಅಷ್ಟೇ. ಅಂದ್ರೆ 1819ರಲ್ಲಿ ಹುಟ್ಟಿದ ಮಗುವಿನ ಷರಾದಲ್ಲಿ ಫಿಬ್ಬಾ ಅಂತ ಇದ್ರೆ, 1817ರ ಪಟ್ಟಿಗೆ ಹೋಗಿ ಫಿಬ್ಬಾ ವಯಸ್ಸು ನೋಡಿ, ಮೂವತ್ತು ಅಂತಿದ್ರೆ ಆಕೆ ಹುಟ್ಟಿದ್ದು 1787ರ ಆಸುಪಾಸು. ಒಂದೇ ಏಟಿಗೆ ಎರಡು ತಲೆಮಾರು! ಅಪ್ಪನ ಹೆಸರಿಗೆ ಮಾತ್ರ ಕಾಲಮ್ಮೇ ಇಲ್ಲ, ಕಾನೂನಿಗೆ ಬೇಕಾಗಿದ್ದು ಮಗು ಯಾರ ಸ್ವತ್ತು ಅನ್ನೋದು, ಅದು ತಾಯಿ ಒಡೆಯ ಯಾರೋ ಅವನ ಸ್ವತ್ತು.

ನಮ್ಮಲ್ಲಿ ವಂಶವೃಕ್ಷ ಅಂದ್ರೆ ನಾಡಕಚೇರಿಗೆ ಹೋಗಿ ಮಾಡಿಸ್ತೀವಿ, ಯಾಕೆ, ಆಸ್ತಿ ಪಾಲಿಗೆ. ಅಪ್ಪ, ಮಕ್ಕಳು, ಸತ್ತೋರು, ಇರೋರು, ಕೆಳಗೆ ಸೀಲು. ಜಮೈಕಾದ್ದೂ ಆಸ್ತಿಗಾಗಿಯೇ ಮಾಡಿದ ಪಟ್ಟಿ, ಆದ್ರೆ ಅಲ್ಲಿ ಪಟ್ಟಿಯಲ್ಲಿರೋ ಜನರೇ ಆಸ್ತಿ. ಆಸ್ತಿ ಅಂತ ಎಣಿಸಿದ್ದಕ್ಕೇ ಅವರ ಹೆಸರು ಇವತ್ತಿಗೂ ಉಳಿದಿದೆ. ನಂಬಿಕೆ ಬರ್ಲಿಲ್ಲ ಅಂದ್ರೆ ಆಗಿನ ಜಮೈಕಾ ಆಲ್ಮನಾಕ್ ತೆಗೀರಿ, ವರ್ಷವರ್ಷ ಬರ್ತಿದ್ದ ಕೈಪಿಡಿ, ಅದರಲ್ಲಿ ಒಡೆಯನ ಹೆಸರು, ತೋಟದ ಹೆಸರು, ಮುಂದೆ ಎರಡು ಅಂಕಿ. ಮೊದಲನೇದು ಗುಲಾಮರು ಎಷ್ಟು, ಪಕ್ಕದ್ದು ದನಕರು ಎಷ್ಟು.

ಇದರಲ್ಲಿ ಒಂದು ಕಿತಾಪತಿ ಇದೆ. ಜಮೈಕಾ ರಿಜಿಸ್ಟರ್ ಇರೋದು ಒಡೆಯನ ಹೆಸರಲ್ಲಿ, ಅಂದ್ರೆ ನಿಮ್ಮ ಅಜ್ಜಿ ಬೇಕು ಅಂದ್ರೆ ಅಜ್ಜಿಯ ಒಡೆಯ ಯಾರು ಅಂತ ಮೊದಲು ಗೊತ್ತಿರ್ಬೇಕು! ಅದಕ್ಕೆ ದಾರಿ ತೋರಿಸೋದು ಪರಿಹಾರದ ಕಾಗದ. ಗುಲಾಮಗಿರಿ ನಿಲ್ಲಿಸಿದ 1833ರ ಕಾಯ್ದೆ ಪ್ರಕಾರ ಬ್ರಿಟನ್ 2 ಕೋಟಿ ಪೌಂಡ್ ಪರಿಹಾರ ಕೊಡ್ತು, ಆ ದೇಶದ ಒಂದು ವರ್ಷದ ಸರ್ಕಾರಿ ಖರ್ಚಿನ ಸುಮಾರು 40 ಪರ್ಸೆಂಟು. ಯಾರಿಗೆ ಹೇಳಿ? ಒಡೆಯರಿಗೆ. ಬಿಡುಗಡೆ ಆದೋರಿಗೆ ಬಿಡಿಗಾಸೂ ಇಲ್ಲ. ಅದಕ್ಕೆ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ, ಅಂದ್ರೆ ಬ್ರಿಟನ್ನಲ್ಲಿ ಟ್ಯಾಕ್ಸ್ ಕಟ್ಟಿದ ಜಮೈಕಾ ಮೂಲದೋರೂ ಅದನ್ನ ತೀರಿಸಿದಾರೆ, ಇದಕ್ಕೇನ್ ಹೇಳೋಣ. ಯಾರು ಎಷ್ಟಕ್ಕೆ ಅರ್ಜಿ ಹಾಕಿದ್ರು ಅನ್ನೋದನ್ನ ಯೂನಿವರ್ಸಿಟಿ ಕಾಲೇಜ್ ಲಂಡನ್ ಡೇಟಾಬೇಸ್ ಮಾಡಿ ಆನ್‌ಲೈನ್ ಹಾಕಿದೆ. ಹ್ಯಾಮಿಲ್ಟನ್ ಬ್ರೌನ್ ಅಂತ ಹೊಡೀರಿ, ಬರ್ತಾನೆ.

ಸರಿ, ಹಾಗಾದ್ರೆ ಕಮಲಾ? ಹ್ಯಾಮಿಲ್ಟನ್ ಸತ್ತಿದ್ದು 1843ರಲ್ಲಿ. ಕ್ರಿಸ್ಟಿಯಾನಾ 1938ರಲ್ಲಿ ಹುಟ್ಟಿದ ಡೊನಾಲ್ಡ್ ಅವರ ಅಜ್ಜಿ. ನಡುವೆ ಒಂದೆರಡು ತಲೆಮಾರಿನ ಕೊಂಡಿ ಬೇಕು, ಆ ಕೊಂಡಿಗೆ ಫ್ಯಾಕ್ಟ್ ಚೆಕ್ ಮಾಡೋರು ಹುಡುಕಿದ್ರೂ ಖಚಿತ ಕಾಗದ ಸಿಗ್ಲಿಲ್ಲ. ಬ್ರೌನ್ ಅನ್ನೋ ಹೆಸರೊಂದೇ ಸಾಕ್ಷಿ ಆಗಲ್ಲ, ಬ್ಯಾಪ್ಟಿಸಮ್ ಟೈಮಲ್ಲಿ, ಅಂದ್ರೆ ಚರ್ಚಲ್ಲಿ ದೀಕ್ಷೆ ಕೊಟ್ಟು ಹೆಸರಿಡೋವಾಗ, ಎಷ್ಟೋ ಜನ ಒಡೆಯನ ಹೆಸರೋ, ಮ್ಯಾನೇಜರ್ ಹೆಸರೋ, ಇಷ್ಟ ಬಂದ ಇನ್ನೊಂದೋ ಇಟ್ಕೊಂಡಿದ್ರು. ರಕ್ತಸಂಬಂಧ ಇದ್ರೂ ಅದು ಒಬ್ಬ ಒಡೆಯ, ಒಬ್ಬ ಗುಲಾಮ ಹೆಂಗಸು ಇಬ್ಬರ ಕಥೆ ಆಗಿರೋ ಸಾಧ್ಯತೆ ಜಾಸ್ತಿ, ಅದರಲ್ಲಿ ಆಕೆಯ ಒಪ್ಪಿಗೆಯನ್ನ ಯಾರೂ ಕೇಳಿರಲ್ಲ. "ಒಡೆಯನ ಮೊಮ್ಮಗಳು" ಅಂತ ಕುಣಿದೋರು ಆ ಹೆಂಗಸನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ. ಮನೆಮಾತಾಗಿ ಬಂದ ಕಥೆ ಸುಳ್ಳು ಅಂತಲೂ ನಾನು ಹೇಳಲ್ಲ, ಅಜ್ಜಿಯಂದಿರಿಗೆ ಕ್ಲರ್ಕ್‌ಗಿಂತ ಜಾಸ್ತಿ ಗೊತ್ತಿರುತ್ತೆ. ಒಂದು ಉಯಿಲು, ಇಲ್ಲಾ ಅಪ್ಪನ ಹೆಸರಿರೋ ಒಂದು ಬ್ಯಾಪ್ಟಿಸಮ್ ಎಂಟ್ರಿ ಸಿಕ್ಕಿದ್ರೆ ಕೇಸ್ ಕ್ಲೋಸ್.

ಟೈಮ್ ಆಗೋಯ್ತು, ಉಳಿದಿದ್ದು ಗಡಿಬಿಡೀಲಿ. ಇಂಥ ಹುಡುಕಾಟದಲ್ಲಿ ಯಾರೇ ಡಿಎನ್‌ಎ ಟೆಸ್ಟ್ ಮಾಡಿಸಿದ್ರೂ ಅದು ಸಂಬಂಧ ಇದೆಯಾ ಅಂತ ಹೇಳ್ಬೋದು, ಯಾರ ಮೂಲಕ ಅಂತ ಹೇಳಲ್ಲ, ಕಾಗದ ಬೇಕೇ ಬೇಕು. ಜಮೈಕಾ ಬಿಟ್ರೆ, ಸುರಿನಾಮ್ ಆಗ ಡಚ್ಚರದ್ದು, ಅಲ್ಲಿನ 1830ರಿಂದ 1863ರವರೆಗಿನ ಗುಲಾಮರ ರಿಜಿಸ್ಟರ್ ಆನ್‌ಲೈನ್ ಇದೆ. 1838ರಿಂದ ಗಯಾನಾಗೆ, 1845ರಿಂದ ಟ್ರಿನಿಡಾಡ್‌ಗೆ ಕಲ್ಕತ್ತಾ, ಮದ್ರಾಸ್ ಬಂದರಿಂದ ಹೋದ ನಮ್ಮ ಕೂಲಿಗಳ ಕಥೆ ಇನ್ನೂ ಬೇರೆ, ಅವರ ಎಮಿಗ್ರೇಷನ್ ಪಾಸಲ್ಲಿ ಅಪ್ಪನ ಹೆಸರು, ಜಾತಿ, ಜಿಲ್ಲೆ, ಊರು, ಮೈಮೇಲಿನ ಮಚ್ಚೆ ಗುರುತು ಕೂಡ ಇರುತ್ತೆ. ಅದಕ್ಕೊಂದು ಪಾರ್ಟ್ 2 ಬೇಕು ಅಂದ್ರೆ ಕೆಳಗೆ ಹೇಳಿ, ಎಡಿಟರ್ ಆಗಲೇ ಗುರ್ ಅಂತಿದಾನೆ.